ಕರೆಂಟು ಹೋದಾಗಿನ ಮಾತು

ನನ್ನ ಗಂಡ ಗುರಪ್ಪ ಬನಹಟ್ಟಿಯಲ್ಲಿ ಮಗ್ಗ ನಡೆಸುತ್ತಿದ್ದರು. ನಾಲ್ಕು ಪವರ್‌ಲೂಮ್, ಒಂದೇ ಕೋಣೆ. ಅದರ ಮೂಲೆಯಲ್ಲೇ ಒಲೆ, ತೊಟ್ಟಿಲು. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಊಟಕ್ಕೆ ಕರೆಯುವುದು ಕೈಸನ್ನೆ, ಜಗಳವೂ ಕೈಸನ್ನೆ. ಕರೆಂಟು ಹೋದಾಗ ಮಾತ್ರ ಬಾಯಿ ತೆರೆಯುತ್ತಿದ್ದೆವು.

2005ರಲ್ಲಿ ಮಗಳು ಕಾವೇರಿಗೆ ಮೂರು ತುಂಬಿತು. ಒಂದು ಮಾತೂ ಬಂದಿರಲಿಲ್ಲ.

"ನಿನ್ನ ತವರಮನಿ ರಕ್ತ. ನಿಮ್ಮಣ್ಣ ಹುಲೆಪ್ಪ ಮೂಗ ಅಲ್ಲೇನ?" ಅಂದರು ಅತ್ತೆ ಮರೆವ್ವ.

"ನಿಮ್ಮ ಮಗ ಭಾಷಣ ಮಾಡ್ತಾರೇನ್ರಿ?" ಅಂದೆ.

ಜಮಖಂಡಿಯ ಡಾಕ್ಟರು ಕಿವಿ ನೋಡಿದರು. ಕಿವಿ ಛಲೋ ಇತ್ತು.

"ರಕ್ತದಾಗೂ ಒಂದೀಟು ಬರತೈತ್ರಿ. ಆದ್ರ ಸಣ್ಣ ಮಕ್ಕಳ ಮಿದುಳು ಮಾತು ಕೇಳಿ ಕೇಳಿನ ಬೆಳೀತೈತಿ. ಮನ್ಯಾಗ ಮಾತಾಡ್ತೀರಿಲ್ಲೊ?"

"ಕರೆಂಟ ಹೋದಾಗ ಮಾತಾಡ್ತೇವ್ರಿ," ಅಂದರು ನಮ್ಮವರು.

"ಹಂಗಾರ ಕರೆಂಟ ಹೆಚ್ಚ ಹೋಗ್ಬೇಕ ನೋಡ್ರಿ." ಡಾಕ್ಟರು ನಕ್ಕರು.

ನಮ್ಮವರು ಅದನ್ನೇ ಔಷಧಿ ಅಂತ ತಿಳಿದರು. ಮರುದಿನ ಲೈನ್‌ಮನ್ ದಶರಥನ ಕೈಗೆ ಅರ್ಜಿ ಕೊಟ್ಟರು. ನಮ್ಮ ಗಲ್ಲಿಯಲ್ಲಿ ದಿನಕ್ಕೆ ಎರಡು ತಾಸು ಹೆಚ್ಚಿಗೆ ಕರೆಂಟು ತೆಗೆಯಬೇಕಾಗಿ ವಿನಂತಿ.

"ಲೇ ಗುರಪ್ಪಾ, ಹುಚ್ಚ ಹಿಡದೈತೇನ? ನಿನ್ನ ಮನ್ಯಾಗ ಬಟನ್ ಇಲ್ಲೇನ?" ಅಂದ ದಶರಥ.

"ನನ್ನ ಮಗ್ಗ ನಿಂದರತಾವು. ಗಲ್ಲಿ ಮಗ್ಗ ಯಾರ ನಿಂದರಸ್ತಾರ?"

"ಹಂಗಾರ ಸುಡಗಾಡಕ್ಕ ಹೋಗು. ಅಲ್ಲಿ ಒಂದೂ ಮಗ್ಗ ಇಲ್ಲ."

ಅವನು ಬೈದದ್ದು. ಇವರು ಹೋದರು. ದಿನಾ ಸಂಜೆ ಐದಕ್ಕೆ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಹೇಳಲಿಕ್ಕೆ ಏನೂ ಗೊತ್ತಿರಲಿಲ್ಲ, ಗೋರಿಗಳನ್ನೇ ತೋರಿಸಿದರು. "ಇವ ನಿಮ್ಮ ಮುತ್ಯಾ, ನಮ್ಮಪ್ಪ. ನನ್ನಂಗ ಮಾತ ಕಡಿಮಿ. ಇಕಿ ಮುತ್ಯಾನ ಅವ್ವ. ಇಕಿ ಬಾಯಿಗೆ ಊರ ಹೆದರತಿತ್ತ."

ಅತ್ತೆ ಬಾಯಿ ಬಡಿದುಕೊಂಡರು. ನಾಲ್ಕನೇ ತಿಂಗಳು ಕಾವೇರಿ ಮುತ್ಯಾನ ಗೋರಿ ತಟ್ಟಿ ಅಂದಳಂತೆ, "ಕರೆಂಟ ಹೋತು."

ಇವರು ಓಡಿ ಬಂದು ಹೇಳಿದರು. ಮಗ್ಗ ನಡೆದಿತ್ತು, ನನಗೆ ಕೇಳಲಿಲ್ಲ. ಕೈಸನ್ನೆ ಮಾಡಿ ಹೇಳಬೇಕಾಯಿತು.

ಆಮೇಲೆ ಅವಳು ಬಾಯಿ ಮುಚ್ಚಲೇ ಇಲ್ಲ. "ನಮ್ಮ ಕಡಿ ರಕ್ತ," ಅಂದರು ಅತ್ತೆ.

ಹೋದ ವರ್ಷ ಎದೆನೋವಿನಲ್ಲಿ ಇವರು ಹೋದರು. ಗಲ್ಲಿಯ ಮಗ್ಗಗಳೆಲ್ಲ ನಿಂತವು. ಏನೋ ಹೇಳಲಿಕ್ಕೆ ನಾನು ಅವರ ಕಡೆ ತಿರುಗಿದೆ. ರೂಢಿ.

ಮಣ್ಣು ಕೊಟ್ಟ ಮೇಲೂ ಕಾವೇರಿ ಅಲ್ಲಿಂದ ಏಳಲಿಲ್ಲ. ಅಪ್ಪನಿಗೆ ಒಂದೇ ಸಮನೆ ಮಾತಾಡುತ್ತಿದ್ದಳು.

"ಹುಡುಗಿನ ಎಬ್ಬಸವಾ, ತಲಿ ಕೆಟ್ಟೀತು," ಅಂದ ದಶರಥ.

"ಬಿಡೋ," ಅಂದೆ. "ಅವರ ಪಾಳಿ ಮುಗೀತು. ಇದು ಆಕಿ ಪಾಳಿ."