ಹಗ್ಗಕ್ಕೆ ಉಸಿರು ಕೊಡುವವನು

ಗಂಟುಮಾವನ ಮುತ್ತಜ್ಜ ನೆಲ ಅಳೆಯುವವರ ಹಿಂದೆ ಡೇರೆ ಹೊತ್ತು ಬೆಟ್ಟ ಹತ್ತಿದವನು. ಗೂಟ ಇಳಿಯದ ಬರೀ ಬಂಡೆಯ ಮೇಲೆ, ಗೋಣಿಚೀಲಕ್ಕೆ ಕಲ್ಲು ತುಂಬಿ, ಆ ಚೀಲಗಳಿಗೇ ಹಗ್ಗ ಬಿಗಿದು, ಹನ್ನೊಂದು ದಿನದ ಬಿರುಗಾಳಿಗೆ ಡೇರೆಯ ಒಂದು ಮೂಲೆಯೂ ಏಳದಂತೆ ನಿಲ್ಲಿಸಿದನಂತೆ. ಅಜ್ಜ ಬೆಂಕಿಯವನು. ವಾರಗಟ್ಟಲೆ ಮಳೆ ಹೊಡೆದು ಕಾಡಿಗೆ ಕಾಡೇ ತೊಯ್ದು ತೊಪ್ಪೆಯಾದಾಗಲೂ ಚಕಮಕಿ ಕಲ್ಲಿಗೆ ಉಕ್ಕು ಕುಟ್ಟಿ ಹೊಗೆ ಎಬ್ಬಿಸುತ್ತಿದ್ದ. ಕಿಡಿ ಹಿಡಿಯುವ ಸುಟ್ಟ ಬಟ್ಟೆಯನ್ನು ಕೊಂಬಿನ ಡಬ್ಬಿಗೆ ತುಂಬಿ ಕಂಕುಳಲ್ಲಿಟ್ಟುಕೊಂಡೇ ಮಲಗುತ್ತಿದ್ದ. ಅಜ್ಜಿ ಬಟ್ಟೆಗೆ ಮೇಣ ತಿನ್ನಿಸುವವಳು. ಅವಳ ಕೈ ದಾಟಿ ಬಂದ ಕ್ಯಾನ್ವಾಸಿನ ಮೇಲೆ ನೀರು ಸುರಿದರೆ ತಾವರೆ ಎಲೆಯ ಮೇಲೆ ಸುರಿದಂತೆ ಜಾರಿ ಹೋಗುತ್ತಿತ್ತು. ಅಪ್ಪ ಹೊಲಿಗೆಯವನು. ಗೇಣಿಗೆ ಮೂವತ್ತಾರು ಹೊಲಿಗೆ. ಮೂವತ್ತೈದಾದರೆ ಬಿಚ್ಚಿ ಮತ್ತೆ ಹಾಕುವವನು. ಹೊಳೆ ಉಕ್ಕಿ ಅರ್ಧ ಊರು ಸೂರು ಕಳೆದುಕೊಂಡ ವರ್ಷ ಒಂದೇ ತಿಂಗಳಲ್ಲಿ ಹದಿನೆಂಟು ಡೇರೆ ಹೊಲಿದು, ಕೊನೆಯದನ್ನು ಮುಗಿಸಿದಾಗ ಅವನ ಬೆರಳು ಮಡಚಲು ಬರುತ್ತಿರಲಿಲ್ಲವಂತೆ. ಅನ್ನ ಕಲಸಿ ಉಣಿಸಿದ್ದು ಹೆಂಡತಿ.

ಇಷ್ಟು ಜನರ ಕೈಕಸುಬು ಹರಿದು ಬಂದು ನಿಂತದ್ದು ಒಬ್ಬನ ಹತ್ತು ಬೆರಳಲ್ಲಿ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಅವನ ಮನೆ; ಅದರ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದ ಬೆಂಚು, ಗೋಡೆಗೆ ನೇತುಬಿಟ್ಟ ಮರದ ಗೂಟಗಳ ಕಟ್ಟು, ಮೂರು ಅಳತೆಯ ದಬ್ಬಳ, ದಬ್ಬಳ ಒತ್ತುವಾಗ ಅಂಗೈಗೆ ಕಟ್ಟುವ ಚರ್ಮದ ಪಟ್ಟಿ, ಹೆಬ್ಬೆಟ್ಟಿನ ಗುರುತು ಮೂಡಿದ ಮೇಣದ ಉಂಡೆ. ಗಂಟು ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. "ಹಗ್ಗದಲ್ಲಿ ಇಪ್ಪತ್ತೇಳು ಗಂಟು ಬರುತ್ತೆ, ಇಪ್ಪತ್ತೆಂಟನೇದು ಹುಬ್ಬಿನ ಮಧ್ಯ ಸದಾ ಇರುತ್ತೆ" ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಗಂಟುಮಾವ ಎಂಬ ಹೆಸರು ಬಂದದ್ದು ಯಾವ ಗಂಟಿನಿಂದ ಎಂದು ಹೇಳುವುದು ಕಷ್ಟ.

ಆ ಮನೆಗೆ ಒಂದು ಮಾತಿತ್ತು: ಮೋಡಕ್ಕೆ ಮುಂಚೆ ಹಗ್ಗಕ್ಕೆ ಉಸಿರು ಕೊಡು. ಹತ್ತಿಯ ಹಗ್ಗ ನೀರು ಕುಡಿದರೆ ದಪ್ಪಕ್ಕೆ ಉಬ್ಬುತ್ತದೆ, ಉಬ್ಬಿದಷ್ಟೂ ಉದ್ದಕ್ಕೆ ಕುಗ್ಗುತ್ತದೆ. ಬಿಗಿದ ಹಗ್ಗ ಇನ್ನೂ ಕುಗ್ಗಿದರೆ ಒಂದೋ ಗೂಟ ಕೀಳುತ್ತದೆ, ಇಲ್ಲವೇ ಬಟ್ಟೆ ಹರಿಯುತ್ತದೆ. ಅದಕ್ಕೇ ಮಳೆ ಬರುವ ಮುಂಚೆ ಡೇರೆಯ ಸುತ್ತ ಬಂದು ಒಂದೊಂದು ಹಗ್ಗವನ್ನೂ ನಾಲ್ಕು ಬೆರಳಷ್ಟು ಸಡಿಲ ಬಿಡಬೇಕು. ಅದೇ ಉಸಿರು ಕೊಡುವುದು. ಮಳೆ ಬಿದ್ದ ಮೇಲೆ ಡೇರೆ ತಾನೇ ಸೊಂಟ ಬಿಗಿದು ನಿಲ್ಲುತ್ತದೆ.

ಈ ವಿದ್ಯೆಯನ್ನು ಅವನು ಕಲಿಸಿದ್ದು ಅಕ್ಕನ ಮಗನಿಗೆ. ಅಳಿಯ ಚುರುಕು; ನಾಲಿಗೆ ಕೈಗಿಂತ ಚುರುಕು. ಊರಾಚೆ ಕೆರೆಯ ಪಕ್ಕದ ಜಾಗ ಹಿಡಿದು ಶಿಬಿರ ಮಾಡಿದ. ಆಫೀಸುಗಳಲ್ಲಿ ಕೂತು ಬೆನ್ನು ಬಗ್ಗಿದವರು ರಜೆಗೆ ಬಂದು, ಕಟ್ಟಿಗೆ ಸೀಳಿ, ಬೆಂಕಿ ಹೊತ್ತಿಸಿ, ಹಳೆಯ ಕಾಲದ ಡೇರೆಯಲ್ಲಿ ಮಲಗಿ ಹೋಗುವ ಶಿಬಿರ. ಡೇರೆಗಳೆಲ್ಲ ಮಾವನ ಹೊಲಿಗೆಯವು. ಮೊದಲ ದಿನವೇ ಮಾವ ಷರತ್ತು ಹಾಕಿದ್ದ.

"ನನ್ನ ಕೈ ಮುಟ್ಟಿ ಹೂಂ ಅಂದ ಮೇಲೇ ಡೇರೆ ಒಳಗೆ ಜನ ಬಿಡಬೇಕು."

"ನಿಮ್ಮ ಕೈ ಇಲ್ದೆ ನಾನು ಬಾಯೂ ಬಿಡಲ್ಲ ಮಾವ" ಅಂದಿದ್ದ ಅಳಿಯ.

ಆರು ವರ್ಷ ಹಾಗೇ ನಡೆಯಿತು. ಗಂಟುಮಾವನಿಗೆ ಬೇಕಿದ್ದದ್ದೂ ಅಷ್ಟೇ. ಎಪ್ಪತ್ತು ದಾಟಿದ ಮೇಲೆ ಮನುಷ್ಯನಿಗೆ ಬೇರೆ ಏನು ಉಳಿಯುತ್ತದೆ? ತನ್ನ ಕೈ ಒಪ್ಪಿದ್ದಕ್ಕೆ ಹತ್ತು ಜನ ನಂಬಿ ತಲೆ ಕೊಡುತ್ತಾರೆ ಎನ್ನುವುದು ಅವನ ಆಸ್ತಿ.

ಆ ಮಧ್ಯಾಹ್ನ ಯಾವುದೋ ಆಫೀಸಿನ ಹದಿನಾಲ್ಕು ಜನ ದೊಡ್ಡ ಡೇರೆಯಲ್ಲಿ ಊಟ ಮುಗಿಸಿ ಕೂತಿದ್ದರು. ಕೆರೆಯ ಆಚೆ ದಡದಲ್ಲಿ ಮೋಡ ಮುಖ ಊದಿಸಿಕೊಂಡು ಎದ್ದಿತು. ಗಂಟುಮಾವ ಡೇರೆಗೆ ಸುತ್ತು ಬಂದ. ಹಗ್ಗ ಹೊಸದು. ಹಳೆಯ ಹಗ್ಗ ಸವೆದಿದೆ, ಹೊಸದು ತರಿಸುತ್ತೇನೆ ಎಂದು ಅಳಿಯ ಹೇಳಿದ್ದು ನೆನಪಿತ್ತು. ಮೂರು ಎಳೆಯ ಹತ್ತಿ ಹಗ್ಗ, ಬಣ್ಣವೂ ಹತ್ತಿಯದೇ ಹದವಾದ ಮಾಸಲು. ಬೆರಳಲ್ಲಿ ಒತ್ತಿ ನೋಡಿದ. ಸರಿ ಅನ್ನಿಸಿತು. ಹದಿನಾರು ಹಗ್ಗಕ್ಕೂ ನಾಲ್ಕು ನಾಲ್ಕು ಬೆರಳು ಉಸಿರು ಕೊಟ್ಟ.

ಮಳೆ ಬಂತು. ಹಗ್ಗ ಬಿಗಿಯಲಿಲ್ಲ. ನೀರು ಕುಡಿದಷ್ಟೂ ಜೋತು ಬಿತ್ತು. ಗಾಳಿ ಒಂದೇ ಒಂದು ಸಲ ಹೆಗಲು ಕೊಟ್ಟು ಎತ್ತಿತು, ನಡುಗಂಬ ವಾಲಿ ಉರುಳಿತು. ಒದ್ದೆ ಕ್ಯಾನ್ವಾಸಿನ ಕೆಳಗಿಂದ ಜನರನ್ನು ಎಳೆದೆಳೆದು ತೆಗೆದರು. ಒಬ್ಬ ಹೆಂಗಸಿನ ಕತ್ತಿಗೂ ಭುಜಕ್ಕೂ ನಡುವಿನ ಕಾಲರ್ ಮೂಳೆ ಮುರಿದಿತ್ತು.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಉಳಿದವರು ಮರದಡಿ ನಡುಗುತ್ತ ನಿಂತರು. ಗಂಟುಮಾವ ಕಟ್ಟಿಗೆಗೆ ಹೊರಟ. ಮಳೆಯಲ್ಲಿ ನೆಲದ ಕಟ್ಟಿಗೆಯನ್ನು ನಂಬಬಾರದು. ಮರದ ಮೇಲೇ ಸತ್ತು ಒಣಗಿ ನಿಂತ ಕೊಂಬೆ ಮುರಿದು ತಂದ, ಸೀಳಿ ಒಳಗಿನ ಒಣ ತಿರುಳನ್ನು ಚಾಕುವಿನಿಂದ ಹಕ್ಕಿಯ ಪುಕ್ಕದಂತೆ ಸುರುಳಿ ಸುರುಳಿ ಹೆರೆದ, ಅಜ್ಜನ ಕೊಂಬಿನ ಡಬ್ಬಿ ಬಿಚ್ಚಿ ಕಲ್ಲು ಕುಟ್ಟಿದ. ಉರಿ ಎದ್ದಿತು. ಎಲ್ಲರೂ ಕೈ ಕಾಯಿಸಿಕೊಂಡರು. ಒಬ್ಬ ಫೋಟೊ ತೆಗೆದ. ಅವರ ಮೇಲಧಿಕಾರಿ ಬೆಂಕಿಗೆ ಬೆನ್ನು ಮಾಡಿ, "ಡೇರೆ ಹೇಗೆ ಬಿತ್ತು?" ಎಂದು ಅಳಿಯನನ್ನು ಕೇಳಿದ.

ಅಳಿಯ ಮಾವನ ಕಡೆ ನೋಡಲಿಲ್ಲ. "ನಮ್ಮ ಹಿರಿಯರು ಹಗ್ಗ ಸಡಿಲ ಬಿಟ್ಟುಬಿಟ್ಟಿದ್ದಾರೆ ಸಾರ್. ವಯಸ್ಸಾಯ್ತಲ್ಲ. ಇನ್ಮೇಲೆ ಅವರನ್ನ ಡೇರೆ ಹತ್ರ ಬಿಡಲ್ಲ."

ಆಡಿದ ಮಾತು, ಒಡೆದ ಮುತ್ತು. ಗಂಟುಮಾವ ಎದ್ದು ಹೋಗಿ, ಬಿದ್ದ ಡೇರೆಯಿಂದ ಒಂದು ಮೊಳ ಹಗ್ಗ ಕೊಯ್ದು ತುದಿ ಬಿಚ್ಚಿ ನೋಡಿದ. ಎಳೆಯ ಮೇಲೆ ಹತ್ತಿಯ ಸುತ್ತು. ಹೊಟ್ಟೆಯೊಳಗೆ ಬಿಳೀ ಮಿರುಗುವ ನೈಲಾನು. ಒದ್ದೆಯಾದರೆ ಹಿಗ್ಗುವ ಜಾತಿ. ಇದನ್ನು ಮಳೆಗೆ ಮುಂಚೆ ಬಿಗಿಯಬೇಕು, ಬಿಡಬಾರದು. ಮೂಸಿದ. ಚಹಾದ ವಾಸನೆ. ಹಳೆಯದರಂತೆ ಕಾಣಲಿ ಎಂದು ಅಳಿಯ ಅದನ್ನು ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದ.

"ನನಗೆ ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ನೀವು ಕಟ್ಟೋಕೆ ಒಪ್ತಿದ್ರಾ ಮಾವ? ಹತ್ತಿ ವರ್ಷಕ್ಕೇ ಕೊಳೆಯುತ್ತೆ, ಇದು ಹತ್ತು ವರ್ಷ ಬರುತ್ತೆ. ಬಂದವರಿಗೆ ಕಾಣೋಕೆ ಹಳೇದಿದ್ರೆ ಸಾಕು."

ಗಂಟುಮಾವ ಆ ತುಂಡನ್ನು ಜೇಬಿಗೆ ತುರುಕಿಕೊಂಡು ಮಳೆಯಲ್ಲೇ ಮನೆಗೆ ನಡೆದ.

ಮೂರು ದಿನ ಬೈದ. ಅಳಿಯನನ್ನು, ಅವನ ಚಹಾವನ್ನು, ಫೋಟೊದವನನ್ನು ಬೈದ. ನಾಲ್ಕನೆಯ ದಿನ ಬೈಗುಳ ಮುಗಿಯಿತು. ಅವನನ್ನು ಒಳಗೆ ಕೊರೆಯುತ್ತಿದ್ದದ್ದು ಬೇರೆ. ಅಳಿಯ ಮೋಸ ಮಾಡಿದ, ಸರಿ. ಬೆರಳಿಗೆ ಏನಾಗಿತ್ತು? ಹತ್ತಿ ಒತ್ತಿದರೆ ಒತ್ತಿದಲ್ಲೇ ಕೂರುತ್ತದೆ, ನೈಲಾನು ಪುಟಿದು ಬರುತ್ತದೆ. ಹತ್ತು ವರ್ಷದ ಹಿಂದೆ ಇದನ್ನು ಅವನು ನಿದ್ದೆಗಣ್ಣಲ್ಲಿ ಹೇಳುತ್ತಿದ್ದ. ಬೆಂಚಿನ ಮೇಲೆ ಎರಡು ತುಂಡು ಇಟ್ಟುಕೊಂಡ, ಒಂದು ಹತ್ತಿಯದು, ಒಂದು ಕಳ್ಳ ಹಗ್ಗ. ಕಣ್ಣು ಮುಚ್ಚಿ ಕಲಸಿ, ಒಂದನ್ನು ಎತ್ತಿ ಒತ್ತಿ ಹೇಳಿದ. ತಪ್ಪು. ಮತ್ತೆ ಎತ್ತಿದ. ಐದಕ್ಕೆ ಮೂರು ಸಲ ತಪ್ಪು. ಐವತ್ತು ವರ್ಷ ದಬ್ಬಳ ಒತ್ತಿ ಒತ್ತಿ ಬೆರಳ ತುದಿ ಮರಗಟ್ಟಿ ಹೋಗಿತ್ತು. ಎಂದಿನಿಂದ ಸುಳ್ಳು ಹೇಳುತ್ತಿತ್ತೋ, ಬೆರಳಿಗೇ ಗೊತ್ತು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಎಲ್ಲದಕ್ಕೂ ಒಂದು ಕೊಂಕು ಇಟ್ಟುಕೊಂಡಿದ್ದವಳು ಅಂದು ಏನೂ ಅನ್ನದೆ ಒಳಗೆ ಹೋದಳು. ಅವನಿಗೆ ಅದೇ ಹೆಚ್ಚು ನೋವಾಯಿತು.

ಎರಡು ತಿಂಗಳು ಕಳೆದು ಅಳಿಯ ಬಂದ. ಹೆಂಗಸಿನ ಮೂಳೆ ಕೂಡಿತ್ತು, ಶಿಬಿರ ಮತ್ತೆ ತುಂಬಿತ್ತು. ಕೈಯಲ್ಲಿ ಹಣ್ಣಿನ ಚೀಲ.

"ಅತ್ತೆ, ಮಾವ ಇನ್ನೂ ಗಂಟು ಬಿಚ್ಚಿಲ್ವಾ?"

"ನೀನು ಹಾಕಿದ ಗಂಟಲ್ವೇನಪ್ಪ, ನೀನೇ ಬಿಚ್ಚು" ಅಂದಳು ಅವಳು. ಹಣ್ಣನ್ನು ಕೈಗೆ ತೆಗೆದುಕೊಳ್ಳಲಿಲ್ಲ.

ಅಳಿಯ ಬೆಂಚಿನ ತುದಿಯಲ್ಲಿ ಕೂತ. "ಮಾವ, ಆದದ್ದು ಆಯ್ತು. ಶಿಬಿರದ ಬಾಗಿಲಲ್ಲೇ ಒಂದು ಕುರ್ಚಿ ಹಾಕಿಸ್ತೀನಿ. ಬಂದವರಿಗೆ ಕಲ್ಲು ಕುಟ್ಟಿ ಬೆಂಕಿ ತೋರಿಸಿ, ಸಾಕು. ಡೇರೆ ತಂಟೆ ನಿಮಗೆ ಬೇಡ."

"ಬೆಂಕಿ ಮಾಡೋಕೆ ನೆಲದ ಮೇಲೆ ಕೂರಬೇಕು. ಕುರ್ಚಿ ಯಾಕೆ?"

"ಫೋಟೊಗೆ ಚೆನ್ನಾಗಿರುತ್ತೆ."

"ಹಗ್ಗದ ವಿಷಯ ಆ ಹೆಂಗಸಿಗೆ ಹೇಳಿದ್ಯಾ?"

ಅಳಿಯ ಹಣ್ಣಿನ ಚೀಲ ಪಕ್ಕಕ್ಕೆ ಸರಿಸಿದ. "ಈಗ ಹೇಳಿದ್ರೆ ಶಿಬಿರ ಮುಚ್ಚಬೇಕಾಗುತ್ತೆ ಮಾವ. ಹತ್ತು ಜನರ ಹೊಟ್ಟೆಪಾಡು." ಅಷ್ಟರಲ್ಲಿ ಅವನ ಕಣ್ಣು ಬೆಂಚಿನ ಮೇಲಿನ ಎರಡು ತುಂಡು ಹಗ್ಗದ ಮೇಲೆ, ಅಲ್ಲಿಂದ ಮಾವನ ಬೆರಳ ಮೇಲೆ ಹೋಯಿತು. ಚುರುಕಿನವನು, ತಿಳಿಯಿತು. ದನಿ ತಗ್ಗಿಸಿದ. "ಬೆರಳಿಗೆ ಒಳ್ಳೇ ಡಾಕ್ಟರಿದ್ದಾರೆ. ವಾರ ವಾರ ನಾನೇ ಕರ್ಕೊಂಡು ಹೋಗ್ತೀನಿ. ಬೇಡ ಅನ್ಬೇಡಿ."

"ಹೋಗ್ಬನ್ನಿ" ಅಂದಳು ಹೆಂಡತಿ ಮೆಲ್ಲಗೆ. "ಬೆರಳು ಯಾರ ಮೇಲೂ ಕೋಪ ಮಾಡ್ಕೊಂಡಿಲ್ವಲ್ಲ."

ಗಂಟುಮಾವ ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡ. ದಬ್ಬಳಕ್ಕೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ಯಾರೂ ಕೈ ನೀಡಲಿಲ್ಲ. ನೀಡಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ದಾರ ಪೋಣಿಸಿದ ಮೇಲೇ ತಲೆ ಎತ್ತಿದ.

"ಕುರ್ಚಿ ಬೇಡ, ಡಾಕ್ಟರೂ ಬೇಡ. ಮೈಮೇಲೆ ಒಂದು, ಹೊಟ್ಟೇಲಿ ಇನ್ನೊಂದು ಇಟ್ಕೊಂಡಿರೋ ಹಗ್ಗಕ್ಕೆ ಒಂದ್ಸಲ ಉಸಿರು ಕೊಟ್ಟು ಕೆಟ್ಟೆ ಕಣೋ. ನೀನೂ ಅಂಥದೇ ಹಗ್ಗ. ನನ್ನ ಉಸಿರಿಗೆ ನಿನ್ನ ಹತ್ರ ಕೈ ಒಡ್ಡಲ್ಲ. ಹಣ್ಣು ತಗೊಂಡು ಹೊರಡು. ಹೋಗ್ತಾ ಬಾಗಿಲು ಎಳ್ಕೊ."