ಗಿಣಿಗೆ ಎಣ್ಣೆ ಹಚ್ಚಿದವಳು

ಮೊನ್ನೆ ಮದ್ದೂರಿನ ಮಗಳ ಮನೆಗೆ ಹೋಗಿದ್ದಾಗ ಪೇಟೆ ಬೀದಿಯ ತಿರುವಿನಲ್ಲಿ ಯಾರೋ ಒಬ್ಬ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಾ ಕೂತಿದ್ದ. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದೊಡನೆ ಬಿಳಿ ಹೊಗೆ ಬುಸ್ಸೆಂದು ಎದ್ದು ಮೂಗಿಗೆ ಬಡಿಯಿತು. ಈಗ ಯಾರ ಮನೆಯಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಅಡುಗೆ ಮಾಡುತ್ತಾರೆ? ಆ ವಾಸನೆ ಕಂಡು ಎಷ್ಟೋ ಕಾಲವಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಬಂದಿರಬೇಕು ಎಂದುಕೊಂಡು ಮಗಳು ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ಅವಳ ಹಿಂದೆ ನಡೆದೆ.

ನನಗೆ ನೆನಪಾದವಳು ಗುತ್ತಲಿನ ನಮ್ಮ ಪಕ್ಕದ ಮನೆಯ ಬೂಬಮ್ಮ. ಸಾಬರ ಮನೆಯ ಯಾವ ಹೆಂಗಸನ್ನಾದರೂ ನಾವು ಕರೆಯುತ್ತಿದ್ದುದೇ ಹಾಗೆ. ಆಕೆಯ ಗಂಡ ಕಲಾಯಿ ಕೆಲಸದವನು. ಒಲೆಗೆ ಗಾಳಿ ಊದುವ ತಿದಿ ಹೊತ್ತುಕೊಂಡು ಯಲಿಯೂರಿನವರೆಗೂ ಹಳ್ಳಿಹಳ್ಳಿ ಸುತ್ತುತ್ತಿದ್ದನಂತೆ. ನಾನು ಮಳವಳ್ಳಿಯಿಂದ ಮದುವೆಯಾಗಿ ಬರುವ ಹೊತ್ತಿಗೆ ಅವನು ಸತ್ತಿದ್ದ. ಮಕ್ಕಳಿರಲಿಲ್ಲ. ಉಳಿದಿದ್ದುದು ಒಂದು ಗಿಣಿ. ಅವರ ಮದುವೆಯಾದ ಹೊಸತರಲ್ಲಿ ಮುತ್ತತ್ತಿ ಕಾಡಿನ ಕಡೆಯಿಂದ ಅವನು ತಂದ ಮರಿ ಅದು. ಆಕೆಯ ಕೂದಲು ನೆರೆಯುವ ಹೊತ್ತಿಗೆ ಅದೂ ಮುದಿಯಾಗಿತ್ತು. ಒಂದು ಕಣ್ಣಿಗೆ ಪೊರೆ ಬಂದಿತ್ತು, ಕೊಕ್ಕು ಡೊಂಕಾಗಿ ಬೆಳೆದಿತ್ತು, ರೆಕ್ಕೆ ಬಡಿದುಕೊಳ್ಳುವುದನ್ನೂ ಬಿಟ್ಟಿತ್ತು.

ಆ ಗಿಣಿ ರಾಮ ಎನ್ನುತ್ತಿರಲಿಲ್ಲ, ಅಲ್ಲಾ ಎನ್ನುತ್ತಿರಲಿಲ್ಲ. ಅದಕ್ಕೆ ಬರುತ್ತಿದ್ದುದು ಒಂದೇ ಮಾತು. "ಕಲಾಯೀ... ಪಾತ್ರೆಗ್ ಕಲಾಯೀ..." ಗಂಡಸಿನ ಗಂಟಲು, ಕೊನೆಯಲ್ಲಿ ಒಂದು ಎಳೆತ. ಹೊಸ ಸೊಸೆಯಾಗಿ ಬಂದ ವಾರದಲ್ಲೇ ನಾನು ಆ ಕೂಗು ಕೇಳಿ ಎರಡು ಚರಿಗೆ ಒಂದು ತಪ್ಪಲೆ ಹೊತ್ತು ಬೀದಿಗೆ ಓಡಿ ಬಂದಿದ್ದೆ. ಬೀದಿಯಲ್ಲಿ ಯಾರೂ ಇಲ್ಲ. ಜಗಲಿಯ ಮೇಲೆ ಬೂಬಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಎಲ್ರುನ್ನೂವೆ ಒಂದ್ಸಲ ಬೀದಿಗ್ ತರ್ತದೆ ಕಣವ್ವ ಇದು" ಅಂದಳು. ಅವತ್ತಿನಿಂದ ನಮ್ಮಿಬ್ಬರಿಗೂ ಗೆಳೆತನ. ಆಕೆ ಗಿಣಿಗೆ ಹುರಿಗಡಲೆಯನ್ನು ತನ್ನ ಬಾಯಲ್ಲೇ ಅಗಿದು ಮೆತ್ತಗೆ ಮಾಡಿ ತಿನ್ನಿಸುತ್ತಿದ್ದಳು. ಆ ಕೊಕ್ಕಿಗೆ ಕಡಿಯುವ ಶಕ್ತಿ ಉಳಿದಿರಲಿಲ್ಲ.

ಇನ್ನು ನಮ್ಮ ಮಾವನವರು. ಬೆಲ್ಲದ ವ್ಯಾಪಾರಿ, ಬೀದಿಗೆ ಯಜಮಾನರು. ಶಿವಪುರದಲ್ಲಿ ಸರ್ಕಾರದ ನಿಷೇಧ ಮುರಿದು ಬಾವುಟ ಹಾರಿಸಿದಾಗ ಗುಂಪಿನ ಹಿಂದೆ ನಿಂತು ಬಂದವರು. ವರ್ಷ ಕಳೆದಂತೆ ಹೇಳುವಾಗ ಹಿಂದಿನಿಂದ ಒಂದೊಂದೇ ಸಾಲು ಮುಂದಕ್ಕೆ ಬರುತ್ತಿದ್ದರು. ಕೆಟ್ಟವರಲ್ಲ. ಅದನ್ನು ಹೇಳಲೇಬೇಕು. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಸ್ವಾತಂತ್ರ್ಯ ಬಂದ ದಿನ ಬೆಳಿಗ್ಗೆ ನಮ್ಮ ಮನೆಯ ಮುಂದೆ ಕಂಬ ನೆಟ್ಟು ಬಾವುಟ ಏರಿಸಿದರು. ಮಾವನವರು ಖಾದಿ ಟೋಪಿ ಇಟ್ಟು ಭಾಷಣ ಮಾಡಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಭಾಷಣ ಮುಗಿದು ಚಪ್ಪಾಳೆ ಬಿದ್ದಾಗ ಪಕ್ಕದ ಜಗಲಿಯಿಂದ ಗಿಣಿ "ಕಲಾಯೀ..." ಎಂದು ಕೂಗಿತು. ಜನ ನಕ್ಕರು. ಆ ನಗು ಕೇಳಿ ಮಾವನವರಿಗೆ ಏನೋ ಹೊಳೆಯಿತು.

"ಇವತ್ತು ಯಾರೂವೆ ಪಂಜ್ರದಾಗೆ ಇರಕೂಡ್ದು ಕಣ್ರಲಾ! ಗಿಣಿಗೂ ಗೊತ್ತಾಗ್ಲಿ ಸ್ವತಂತ್ರ ಬಂತು ಅಂತ!" ಎಂದವರೇ ಬೂಬಮ್ಮನ ಜಗಲಿ ಹತ್ತಿದರು. ಆಕೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಯಾರೂ ಆಕೆಯನ್ನು ಕೂಗಲಿಲ್ಲ, ಕೇಳಲಿಲ್ಲ.

ಪಂಜರದ ಬಾಗಿಲು ತೆರೆದರು. ಗಿಣಿ ಹೊರಗೆ ಬರಲಿಲ್ಲ. ಹಿಂದಕ್ಕೆ ಸರಿದು ಮೂಲೆಯ ಕಂಬಿಗೆ ಬೆನ್ನು ಒತ್ತಿಕೊಂಡು ಕೂತಿತು. ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಆದರೆ ಅಷ್ಟು ದೊಡ್ಡ ಮಾತು ಆಡಿಯಾಗಿತ್ತು, ಜನ ನೋಡುತ್ತಿದ್ದರು. ಮಾವನವರು ಕೈ ಹಾಕಿ ಹಿಡಿದರು. ಅದು ಬೆರಳು ಕಚ್ಚಿತು. ಎಳೆದು ತೆಗೆದು ಮೇಲಕ್ಕೆ ಎಸೆದರು. ಜೈಕಾರ ಎದ್ದಿತು. ಗಿಣಿ ಎದುರು ಮನೆಯ ಹೆಂಚಿನವರೆಗೆ ಹೇಗೋ ತೇಲಿ, ಅಲ್ಲಿಂದ ಜಾರಿ, ಸೂರಿನ ಅಂಚಿನಲ್ಲಿ ನಿಂತಿತು. ಅಷ್ಟರಲ್ಲಿ ಕಾಗೆಗಳು ಬಂದವು...

ಮಾವನವರೂ ಜನರೂ ಮೆರವಣಿಗೆಯಾಗಿ ಆಗಲೇ ಮುಂದಿನ ಬೀದಿಗೆ ಹೊರಟಿದ್ದರು. ಗಲಾಟೆ ಕೇಳಿ ಒದ್ದೆ ಕೈಯಲ್ಲಿ ಓಡಿ ಬಂದ ಬೂಬಮ್ಮ ಕಲ್ಲು ಬೀಸಿ ಕಾಗೆ ಓಡಿಸಿದಳು. ಚರಂಡಿಯ ಪಕ್ಕ ಬಿದ್ದಿದ್ದ ಗಿಣಿಯನ್ನು ಸೆರಗಿನಲ್ಲಿ ಎತ್ತಿಕೊಂಡಳು. ಒಂದು ರೆಕ್ಕೆ ಜೋತುಬಿದ್ದಿತ್ತು. ಬೆನ್ನ ಮೇಲೆ ಪುಕ್ಕ ಕಿತ್ತು ಮಾಂಸ ಕಾಣುತ್ತಿತ್ತು. ನಾನು ಹಿತ್ತಲ ಬೇಲಿ ದಾಟಿ ಆಕೆಯ ಮನೆಗೆ ಹೋದೆ. ಮಾವನವರಿಗೆ ಹೇಳಿ ಕಳಿಸಲೇ ಎಂದು ಕೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡಳು.

"ಬ್ಯಾಡ ಕಣವ್ವ. ಇವತ್ತು ನಾನು ಅತ್ರೆ, ಗಿಣಿಗೆ ಅತ್ಳು ಅಂತ ಯಾರೂ ಅನ್ನಕಿಲ್ಲ."

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ದೇಶ ಇಬ್ಭಾಗವಾಗಿ ಉತ್ತರದ ಕಡೆ ಎದ್ದ ಗಲಭೆಯ ಸುದ್ದಿಗಳು ಪೇಪರಿನಲ್ಲಿ ಬರುತ್ತಿದ್ದವು. ನಮ್ಮ ಕಡೆ ಏನೂ ಆಗಿರಲಿಲ್ಲ. ಆದರೆ ಸಾಬರ ಮನೆಗಳ ಮುಂದೆ ಹೋಗುವಾಗ ಜನ ಮಾತು ನಿಲ್ಲಿಸುವುದನ್ನು ಕಲಿತಿದ್ದರು. ಆಕೆ ಅವತ್ತು ಅಳಲಿಲ್ಲ. ಯಾರೋ ಕೊಟ್ಟ ಬೂಂದಿಯನ್ನು ಉಪವಾಸವಾದ್ದರಿಂದ ಬಾಯಿಗೆ ಹಾಕದೆ ಕಣ್ಣಿಗೊತ್ತಿಕೊಂಡು ಗೋಡೆಯ ಗೂಡಿನಲ್ಲಿಟ್ಟಳು. ಅದು ರಂಜಾನ್ ತಿಂಗಳು.

ದನದ ಆಸ್ಪತ್ರೆಗೆ ಅವತ್ತು ರಜ. ಮರುದಿನ ಕೇಳಿಸಿದರೆ, ಡಾಕ್ಟರು ಕಾಲುಬಾಯಿ ಜ್ವರ ನೋಡಲು ಹಳ್ಳಿಗಳ ಮೇಲೆ ಹೋಗಿದ್ದಾರೆ, ಬರುವುದು ಹಬ್ಬದ ಹೊತ್ತಿಗೆ ಎಂದರು. ಅಲ್ಲಿಯವರೆಗೆ ಅದರ ಜೀವ ಹಿಡಿದಿಡಬೇಕಿತ್ತು. ಬೂಬಮ್ಮ ಬಿದಿರು ಕುಕ್ಕೆಯಲ್ಲಿ ಕಂಬಳಿ ತುಂಡು ಹಾಸಿ, ಹಳೆಯ ಸೀರೆಯ ಅಂಚು ಹರಿದು ರೆಕ್ಕೆಯನ್ನು ಮೈಗೆ ಸೇರಿಸಿ ಕಟ್ಟಿದಳು. ಬತ್ತಿಯ ಹತ್ತಿಯನ್ನು ನೀರಿನಲ್ಲಿ ಅದ್ದಿ ಕೊಕ್ಕಿನ ಸಂದಿಗೆ ಹಿಂಡಿದಳು. ಗಾಯಕ್ಕೆ ಅರಿಶಿನ ಕಲಸಿದ ಹರಳೆಣ್ಣೆ. ಬಿದ್ದ ಮಗುವಿಗೂ ಅದೇ, ಕೊಂಬು ಮುರಿದ ಎಮ್ಮೆಗೂ ಅದೇ, ನಮ್ಮ ಕಡೆ ಯಾರ ಗಾಯಕ್ಕಾದರೂ ಅದೇ. ನಾನಾಗಿದ್ದರೂ ಅದನ್ನೇ ಹಚ್ಚುತ್ತಿದ್ದೆ.

ಕಡಲೆ ಅಗಿಯುವುದು ಹೇಗೆ? ಹಗಲು ಹೊತ್ತು ಆಕೆ ಬಾಯಿಗೆ ಏನೂ ಹಾಕುವಂತಿರಲಿಲ್ಲ. "ನೀನ್ ಅಗ್ದು ಕೊಡ್ತೀಯೇನವ್ವ?" ಎಂದು ಸಂಕೋಚದಿಂದ ಕೇಳಿದಳು. ಆಕೆಯ ಮನೆಯಲ್ಲಿ ನಮ್ಮವರು ನೀರು ಕುಡಿಯುತ್ತಿರಲಿಲ್ಲ. ಹಬ್ಬಕ್ಕೆ ಆಕೆ ಕಳಿಸುತ್ತಿದ್ದುದೂ ಹಸಿ ಶಾವಿಗೆ, ಸಕ್ಕರೆ. ಬೇಯಿಸಿದ್ದು ನಮಗೆ ನಡೆಯುತ್ತಿರಲಿಲ್ಲ. ಅಂಥ ಮನೆಯ ಸೊಸೆ ನಾನು ಆಕೆಯ ಒಲೆಯ ಪಕ್ಕ ಕೂತು, ಆಕೆಯ ಡಬ್ಬಿಯ ಕಡಲೆ ಅಗಿದು ಬೆರಳ ತುದಿಯಲ್ಲಿ ಗಿಣಿಗೆ ಕೊಟ್ಟೆ. ತಿಂದಿತು. ಬೂಬಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಸಮನಾದದ್ದನ್ನು ನನ್ನ ಬದುಕಿನಲ್ಲಿ ಇನ್ಯಾರೂ ನನಗೆ ಕೊಟ್ಟಿಲ್ಲ.

ಮರುದಿನ ಸಂಜೆ ಕುಕ್ಕೆಯೊಳಗಿಂದ "ಕಲಾ..." ಎಂದು ಅರ್ಧ ಕೂಗು ಬಂತು. ನಾವಿಬ್ಬರೂ ಉಳಿಯಿತು ಎಂದುಕೊಂಡೆವು. ಆಮೇಲೆ ಅದಕ್ಕೆ ನಡುಕ ಶುರುವಾಯಿತು. ಕುಕ್ಕೆಯನ್ನು ಒಲೆಯ ಹತ್ತಿರ ಸರಿಸಿದೆವು. ಚಳಿಗೆ ಒಳ್ಳೆಯದೆಂದು ಆಕೆ ಎಣ್ಣೆಯನ್ನೇ ಬೆಚ್ಚಗೆ ಮಾಡಿ ಮತ್ತೆ ಹಚ್ಚಿದಳು. ಪುಕ್ಕವೆಲ್ಲ ಎಣ್ಣೆಗೆ ಅಂಟಿಕೊಂಡು ಅದರ ಮೈ ಇಷ್ಟೇ ಇಷ್ಟಾಗಿ ಕಾಣುತ್ತಿತ್ತು.

ಹಬ್ಬದ ಬೆಳಿಗ್ಗೆ ಡಾಕ್ಟರು ಬಂದರೆಂದು ತಿಳಿಯಿತು. ಗಿಣಿಯ ಸ್ಥಿತಿ ಬೀದಿಯವರಿಂದ ಮಾವನವರಿಗೂ ತಿಳಿದಿತ್ತು, ತಾವೇ ಜಟಕಾ ಕರೆಸಿದರು. ಡಾಕ್ಟರು ಹಕ್ಕಿಪಕ್ಕಿ ನೋಡುವವರಲ್ಲ, ತಾವು ಹೇಳಿದರೆ ನೋಡುತ್ತಾರೆ ಎಂದು ಮುಂದೆ ಕೂತರು. ಹಿಂದೆ ಕುಕ್ಕೆ ತೊಡೆಯ ಮೇಲಿಟ್ಟುಕೊಂಡು ಬೂಬಮ್ಮ, ಪಕ್ಕದಲ್ಲಿ ನಾನು. ಒಲೆಗೆ ಶಾವಿಗೆ ಇಡದೆ, ಹೊಸ ಬಟ್ಟೆ ಉಡದೆ ಬಂದಿದ್ದಳು.

ಡಾಕ್ಟರು ಒಳ್ಳೆಯವರು, ನಗಲಿಲ್ಲ. ಬೆಳಕಿಗೆ ಹಿಡಿದು ನೋಡಿದರು. "ಬೆನ್ನಿನ ಗಾಯ ಆಳಕ್ಕೆ ಹೋಗಿದೆ. ಈ ವಯಸ್ಸಿಗೆ ಇದನ್ನು ತಡೆಯೋದು ಕಷ್ಟವೇ ಇತ್ತು" ಎಂದರು. ಆಮೇಲೆ ಪುಕ್ಕ ಸವರಿ ಬೆರಳು ನೋಡಿಕೊಂಡು, "ಇದೇನು, ಮೈಗೆಲ್ಲ ಎಣ್ಣೆ ಹಚ್ಚಿದ್ದೀರಲ್ಲ? ಪುಕ್ಕಕ್ಕೆ ಎಣ್ಣೆ ಹತ್ತಿದರೆ ಹಕ್ಕಿ ಮೈಯಲ್ಲಿ ಕಾವು ನಿಲ್ಲೋದಿಲ್ಲ ಕಣಮ್ಮ" ಎಂದರು. ಬೈಯುವ ದನಿಯಲ್ಲಿ ಅಲ್ಲ, ಇನ್ನೊಮ್ಮೆ ಹೀಗೆ ಮಾಡಬೇಡ ಎಂಬಂತೆ. ಬಿಸಿನೀರು ತರಿಸುವಷ್ಟರಲ್ಲಿ ಗಿಣಿ ಅವರ ಕೈಯಲ್ಲೇ ಕತ್ತು ಚೆಲ್ಲಿತು.

ನಾನು ನೋಡಿದ್ದು ಮಾವನವರ ಮುಖವನ್ನು. ಮೂರ್ನಾಲ್ಕು ದಿನದಿಂದ ಸರಿಯಾಗಿ ಊಟ ಸೇರದೆ ಇದ್ದ ಮನುಷ್ಯನಿಗೆ ಹೋದ ಉಸಿರು ಬಂದಂತಾಗಿತ್ತು. ಡಾಕ್ಟರ ಮೊದಲ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಜಟಕಾದಲ್ಲಿ ಬರುವಾಗ ಹಿಂದೆ ತಿರುಗಿ, "ಅಯ್ಯೋ ಬೂಬಮ್ಮ, ಎಣ್ಣೆ ಹಚ್ಚಿ ಕೆಲ್ಸ ಕೆಡಿಸ್ಬುಟ್ಯಲ್ಲ" ಎಂದರು. ಆಕೆ ಕುಕ್ಕೆಯಿಂದ ತಲೆ ಎತ್ತಲಿಲ್ಲ.

ಮರುದಿನ ಆಕೆ ನಮ್ಮ ಜಗಲಿಯ ಕೆಳಗೆ ಬಂದು ನಿಂತಳು. ಜಗಳಕ್ಕೆ ಬಂದಳೇನೋ ಎಂದು ಹೆದರಿದೆ, ಬರಲಿ ಎಂದೂ ಆಸೆಯಾಯಿತು. ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದಳು. "ಯಜಮಾನ್ರೇ, ನೀವು ಒಳ್ಳೇದುಕ್ಕೇ ಬುಟ್ರಿ. ನನ್ ಕೈಯಿಂದ್ಲೇ ಓಯ್ತು. ತೆಪ್ಪಾಯ್ತು."

ಮಾವನವರು ಎಲೆಗೆ ಸುಣ್ಣ ಸವರುತ್ತಾ, "ಇರ್ಲಿ ಬುಡು, ಬೇಕೂ ಅಂತ ಮಾಡ್ದ್ಯಾ?" ಎಂದರು.

ಕ್ಷಮಿಸಿಬಿಟ್ಟರು! ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅವತ್ತೇ ಮಧ್ಯಾಹ್ನ ಬೇಲಿ ದಾಟಿ ಹೋಗಿ, ಅದು ಎಣ್ಣೆಯಿಂದ ಸಾಯಲಿಲ್ಲ ಬೂಬಮ್ಮ, ಉಳಿಯುವುದು ಕಷ್ಟ ಎಂದು ಡಾಕ್ಟರೇ ಮೊದಲು ಹೇಳಿದರಲ್ಲ ಎಂದೆ. ನನ್ನ ಕೆನ್ನೆ ಸವರಿದಳು. "ನೀನು ನನ್ ಸಮಾಧಾನುಕ್ಕೆ ಏಳ್ತೀಯ ಮಗಾ. ಎಣ್ಣೆ ಹಚ್ಚಿದ್ ಕೈ ನಂದಲ್ವ?" ಎಷ್ಟು ಸಲ ಹೇಳಿದರೂ ಅದೇ ಮಾತು. ಖಾಲಿ ಪಂಜರ ಜಗಲಿಯಲ್ಲಿ ತೂಗುತ್ತಲೇ ಇತ್ತು. ಆಕೆ ಅದರ ಬಾಗಿಲು ಮುಚ್ಚಿಟ್ಟಿದ್ದಳು.

ಕೆಲವು ತಿಂಗಳ ಮೇಲೆ ಮನೆ ಮಾರಿ ಹೋದಳು. ಬೂಬಮ್ಮ ಪಾಕಿಸ್ತಾನಕ್ಕೆ ಹೋದಳಂತೆ ಎಂದು ಬೀದಿಯಲ್ಲಿ ಮಾತಾಡಿಕೊಂಡರು. ಆಕೆ ಹೋದದ್ದು ಮದ್ದೂರಿಗೆ, ತಂಗಿಯ ಮನೆಗೆ. ರೈಲು ಹತ್ತಿದರೆ ಒಂದು ಗಳಿಗೆಯ ದಾರಿ. ಅಲ್ಲೇ ತೀರಿಕೊಂಡಳೆಂದು ನನಗೆ ತಿಳಿದದ್ದು ಎಷ್ಟೋ ತಡವಾಗಿ... ಗಿಣಿ ಸಾಕುವವರನ್ನು ಕಂಡರೆ, ಗಾಯಕ್ಕೆ ಎಣ್ಣೆ ಹಚ್ಚಬೇಡಿ ಎಂದು ಹೇಳುತ್ತಿದ್ದಳಂತೆ.

ಮಾವನವರ ಫೋಟೋ ಈಗ ನಮ್ಮ ನಡುಮನೆಯಲ್ಲಿದೆ. ಆಗಸ್ಟ್ ಹದಿನೈದು ಬಂದರೆ ಮನೆಯವರು ಅದಕ್ಕೆ ಹಾರ ಹಾಕಿ ಗಿಣಿ ಬಿಟ್ಟ ಕಥೆಯನ್ನು ಹೇಳುತ್ತಾರೆ. ಮೊಮ್ಮಗ ಹೇಳುವಾಗ ಗಿಣಿ ಬಾವುಟದ ಸುತ್ತ ಹಾರಿ ಕಾವೇರಿ ಕಡೆಗೆ ಹೋಗುತ್ತದೆ. ಗಿಣಿಯೂ ಈಗ ಮಾವನವರದೇ. ತಾವೇ ಮಗುವಿನಂತೆ ಸಾಕಿದ್ದನ್ನು ದೇಶಕ್ಕಾಗಿ ಬಿಟ್ಟುಕೊಟ್ಟರಂತೆ. ಹೋದ ವರ್ಷ ನಾನು ತಿದ್ದಲು ಹೋದೆ. ಸೊಸೆ ಬಂದವರ ಕಡೆ ನೋಡಿ, ಅತ್ತೆಗೆ ಈಚೀಚೆಗೆ ಮರೆವು ಎಂದಳು.

ಕೊಂದವಳು ತಾನೇ ಎಂದುಕೊಂಡು ಆಕೆ ಸತ್ತಳು. ಇವರ ಕಥೆಯಲ್ಲಿ ಆ ತಪ್ಪನ್ನಾದರೂ ಆಕೆಯ ಪಾಲಿಗೆ ಉಳಿಸಿದ್ದರೆ, ಅಲ್ಲೊಬ್ಬ ಹೆಂಗಸು ಇದ್ದಳು, ಒಂದು ಗಿಣಿ ಸಾಕಿದ್ದಳು ಎಂದಾದರೂ ಯಾರಿಗಾದರೂ ಗೊತ್ತಿರುತ್ತಿತ್ತು. ಈಗ ಅದೂ ಇಲ್ಲ.