ಮೂರನೇ ಮಹಡಿಯ ಊದುಬತ್ತಿ

ನಮ್ಮ ಬಿಲ್ಡಿಂಗಿನಲ್ಲಿದ್ದ ಒಬ್ಬ ಹುಡುಗನ ಮನೆ ಬಿಡಿಸಿದವಳು ನಾನು. ಅದನ್ನು ಇಲ್ಲಿ ಬರೆದೇಬಿಡೋಣ ಎಂದು ಕೂತಿದ್ದೇನೆ.

ನಾವಿರುವುದು ಪುಣೆಯ ಬಿಬವೇವಾಡಿಯಲ್ಲಿ, ಎರಡನೇ ಮಹಡಿ. ದೀಪಾವಳಿ ಮುಗಿದ ಮೇಲೆ ಸಂಜೆ ಏಳರ ಹೊತ್ತಿಗೆ ಬಾತ್‌ರೂಮಿನ ಕಿಟಕಿಯಿಂದ ಒಂದು ಘಾಟು ವಾಸನೆ ಬರಲು ಶುರುವಾಯಿತು. ಯಾರೋ ಒಣ ಎಲೆ ಸುಡುತ್ತಿದ್ದಾರೆ ಅಂದುಕೊಂಡೆ.

ನಮ್ಮ ಮನೆಯವರು ಅಂಗಡಿಯಿಂದ ಬಂದವರು ಒಮ್ಮೆ ಮೂಸಿ ನೋಡಿ, "ಏ, ಇದು ಗಾಂಜಾ ಅದ" ಅಂದರು. ನಿಮಗ ಹೆಂಗ ಗೊತ್ರಿ ಅಂತ ಕೇಳಿದೆ. ಅವರು ಟಿವಿ ಹಚ್ಚಿದರು.

ನಮ್ಮ ಅತ್ತೆಗೆ ಎಪ್ಪತ್ತೆಂಟು, ಮೊದಲೇ ದಮ್ಮು. ಆ ವಾಸನೆ ಬಂದರೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ನನಗೋ ಸಿಟ್ಟು ನೆತ್ತಿಗೇರುತ್ತಿತ್ತು.

ನಮ್ಮ ಕೆಳಗೆ ಮೊದಲ ಮಹಡಿಯಲ್ಲಿ ಸೊಸೈಟಿ ಚೇರಮನ್ನರ ಕುಟುಂಬ, ಗಂಡ ಹೆಂಡತಿ ಮತ್ತು ಒಬ್ಬ ಮಗ. ಮರ್ಯಾದಸ್ಥರು, ಗಣಪತಿ ಹಬ್ಬಕ್ಕೆ ಇಡೀ ಬಿಲ್ಡಿಂಗಿಗೆ ಪ್ರಸಾದ ಅವರ ಮನೆಯದೇ.

ಮೇಲೆ ಮೂರನೇ ಮಹಡಿಯಲ್ಲಿ ಸುಹಾಸ. ಹಾಸನದ ಹುಡುಗ, ಐಟಿ ಕೆಲಸ, ಒಬ್ಬನೇ.

ಇನ್ನೇನು ಯೋಚನೆ ಮಾಡುವುದಿದೆ?

ಬ್ಯಾಚಲರ್‌ಗೆ ಮನೆ ಕೊಡುವುದೇ ಇಲ್ಲ ಎಂದಿದ್ದ ಓನರ್‌ಗೆ "ಆಮಚ್ಯಾ ಗಾವಾಕಡಚಾ ಮುಲಗಾ ಆಹೇ", ನಮ್ಮ ಊರ ಕಡೆಯ ಹುಡುಗ, ಎಂದು ಹೇಳಿ ಅವನಿಗೆ ಆ ಮನೆ ಕೊಡಿಸಿದವಳೂ ನಾನೇ. ಹಾಸನ ಎಲ್ಲಿ, ನಮ್ಮ ಬಾಗಲಕೋಟೆ ಎಲ್ಲಿ! ಕನ್ನಡ ಮಾತಾಡುತ್ತಾನೆ, ನನಗೆ ಅಷ್ಟೇ ಸಾಕಾಗಿತ್ತು.

ಈಗ ಅದೇ ನನಗೆ ಉರಿ ಹತ್ತಿಸಿತು. ನಾಳೆ ಎಲ್ಲರೂ ನನ್ನ ಕಡೆಗೇ ಬೆರಳು ತೋರಿಸುತ್ತಾರಲ್ಲ...

ಒಂದು ಸಂಜೆ ಮೇಲೆ ಹೋದೆ. ಅವನ ಬಾಗಿಲ ಹೊರಗಿನವರೆಗೂ ಊದುಬತ್ತಿಯ ಘಮ. ಒಂದಲ್ಲ, ಐದಾರು ಕಡ್ಡಿ ಒಟ್ಟಿಗೇ ಹಚ್ಚಿದಂತೆ. ಇಪ್ಪತ್ತಾರರ ಹುಡುಗನಿಗೆ ಸರಿಯಾಗಿ ಏಳಕ್ಕೆ ಇಷ್ಟೊಂದು ಭಕ್ತಿಯೇ? ವಾಸನೆ ಮುಚ್ಚೋಕೆ ಹಚ್ಚಿದ್ದಾನೆ ಎಂದು ಅಲ್ಲೇ ತೀರ್ಮಾನಿಸಿದೆ. ಬೆಲ್ ಕೂಡ ಒತ್ತಲಿಲ್ಲ, ಹಾಗೇ ಇಳಿದು ಬಂದೆ.

ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಮರಾಠಿಯಲ್ಲಿ ಉದ್ದಕ್ಕೆ ಬರೆದೆ. ಫ್ಲ್ಯಾಟ್ ನಂಬರ್ ಸಮೇತ.

ಎಲ್ಲರಿಗಿಂತ ಮೊದಲು ಮೆಚ್ಚಿದವರು ಚೇರಮನ್ನರು. ಮನೆ ಖಾಲಿ ಮಾಡು ಎಂದು ಓನರ್ ಅವತ್ತೇ ಹೇಳಿದ.

ಹದಿನೈದು ದಿನದಲ್ಲಿ ಸುಹಾಸ ಹೊರಟ. ಕೀ ನಮ್ಮನೆಯಲ್ಲಿ ಕೊಡಲು ಓನರ್ ಹೇಳಿದ್ದನಂತೆ, ಕೊಡೋಕೆ ಬಂದ.

"ಆಂಟಿ, ನಾನು ಸಿಗರೇಟೂ ಸೇದಲ್ಲ. ಆ ವಾಸನೆ ನಮ್ಮನೆಗೂ ಬರತ್ತೆ, ಅದಕ್ಕೇ ಊದುಬತ್ತಿ ಹಚ್ತಿದ್ದೆ."

"ಹಂಗಿದ್ರ ಯಾಕ ಹೇಳಲಿಲ್ಲಪಾ ಇಷ್ಟು ದಿನ?" ಅಂತ ಕೇಳಿದೆ.

"ಬ್ಯಾಚಲರ್ ಕಂಪ್ಲೇಂಟ್ ಮಾಡಿದ್ರೆ ಯಾರು ನಂಬ್ತಾರೆ ಆಂಟಿ, ನನ್ ಮೇಲೇ ಬರತ್ತೆ."

ಎಷ್ಟು ಚೆಂದ ಸುಳ್ಳು ಹೇಳುತ್ತಾನೆ ಎಂದುಕೊಂಡು ಕೀ ತೆಗೆದುಕೊಂಡೆ. ಟೀ ಕುಡಿದು ಹೋಗು ಅಂತಲೂ ಅನ್ನಲಿಲ್ಲ.

ಮೂರನೇ ದಿನ ಸಂಜೆ ಏಳು. ಮತ್ತೆ ಅದೇ ವಾಸನೆ.

ಮೇಲಿನ ಮನೆಯ ಕೀ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿದೆ. ನಾನು ಅದನ್ನೇ ನೋಡುತ್ತ ನಿಂತಿದ್ದೇನೆ.

ಅತ್ತೆ ಕೆಮ್ಮುತ್ತ ಕೆಮ್ಮುತ್ತಲೇ, "ಹೊಗಿ ಎಲ್ಲರೆ ಕೆಳಗ ಇಳೀತದೇನವಾ? ಇಷ್ಟು ವರ್ಷ ಒಲಿ ಊದೀನಿ, ನಾ ಒಂದಿನಾನೂ ಕಂಡಿಲ್ಲ" ಅಂದರು.

ಮೊದಲೇ ಯಾಕ ಹೇಳಲಿಲ್ರಿ ಅಂದೆ.

"ನೀ ಯಾರನ್ನ ಕೇಳಿದಿ?"

ಬಾತ್‌ರೂಮಿಗೆ ಹೋಗಿ ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದೆ. ಮೂರೂ ಮಹಡಿಯ ಬಾತ್‌ರೂಮ್ ಕಿಟಕಿಗಳು ಒಂದೇ ಡಕ್ಟ್‌ಗೆ ತೆರೆಯುತ್ತವೆ, ಗಾಳಿಗೆಂದು ಬಿಟ್ಟ ಕಿರಿದಾದ ಸಂದಿ ಅದು. ಮೊದಲ ಮಹಡಿಯ ಕಿಟಕಿಯ ಹೊರಗೆ ಒಂದು ಕೈ. ಬೆರಳುಗಳ ನಡುವೆ ಸಣ್ಣ ಕೆಂಡ. ಮಣಿಕಟ್ಟಿನಲ್ಲಿ ಚೇರಮನ್ನರ ಮಗನ ಕೈಗಡಿಯಾರ, ದಿನಾ ಮೆಟ್ಟಿಲ ಮೇಲೆ ನೋಡುವ ನನಗೆ ಅದು ಚೆನ್ನಾಗಿ ಗೊತ್ತು.

ಕೆಳಗೆ ಹೋಗಿ ಬೆಲ್ ಒತ್ತಿದೆ. ಚೇರಮನ್ನರ ಹೆಂಡತಿ ಬಾಗಿಲು ತೆರೆದರು. ಗ್ರೂಪಿನಲ್ಲಿ ಅಷ್ಟು ಉದ್ದ ಬರೆದವಳ ಬಾಯಲ್ಲಿ ಬಂದದ್ದು ಇಷ್ಟೇ: "ವಹಿನಿ, ಕಸಲಾ ತರೀ ವಾಸ ಯೇತೋ..." ಅತ್ತಿಗೆ, ಅದೆಂಥದೋ ವಾಸನೆ ಬರುತ್ತಿದೆ, ಅಂತ.

ಹೊರಗಿನಿಂದ ಬರುತ್ತಿರಬೇಕು ಅಂದರು ಅವರು. ನನ್ನ ಮುಖ ಮಾತ್ರ ನೋಡಲಿಲ್ಲ. ನಾನೂ ಹೌದು ಹೌದು ಎಂದು ಮೇಲೆ ಬಂದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಮರುದಿನ ಸುಹಾಸನಿಗೆ ಫೋನ್ ಮಾಡಿದೆ. ತಪ್ಪಾತಪಾ ಅಂದೆ. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಊರಿನ ಇನ್ನೊಂದು ತುದಿಯ ಖಡಕಿಯಲ್ಲಿ ಫ್ರೆಂಡ್ ರೂಮಿನಲ್ಲಿ ನೆಲದ ಮೇಲೆ ಮಲಗುತ್ತಿದ್ದಾನಂತೆ. ನೋಡಿದ ಎರಡು ಮನೆಯೂ ಕೈತಪ್ಪಿವೆ. ಆ ಮನೆಯವರು ಹಳೇ ಓನರ್‌ಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಅವನು ಗಾಂಜಾ ಎನ್ನುತ್ತಾನೆ.

"ಗ್ರೂಪಲ್ಲಿ ಒಂದ್ ಸಲ ಹಾಕ್ತೀರಾ ಆಂಟಿ? ಓನರ್ ಅದರಲ್ಲಿದ್ದಾರೆ."

ಹಾಕಿದೆ. ವಾಸನೆ ಸುಹಾಸನ ಮನೆಯದಲ್ಲ, ಮನೆ ಖಾಲಿಯಾದ ಮೇಲೂ ಬರುತ್ತಿದೆ, ತಪ್ಪು ನನ್ನದು ಎಂದು. ಯಾರ ಮನೆಯದು ಎಂದು ಬರೆಯಲಿಲ್ಲ. ಅಷ್ಟು ಧೈರ್ಯ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮೆಸೇಜನ್ನು ಎಲ್ಲರೂ ಓದಿದರು. ಅರ್ಧ ಗಂಟೆಯ ಮೇಲೆ ಚೇರಮನ್ನರು, ಮುಗಿದ ವಿಷಯ ಮತ್ತೆ ಎತ್ತಬೇಡಿ ಎಂದು ಬರೆದರು. ಅದಕ್ಕೆ ಹದಿನಾಲ್ಕು ಜನರ ಹೆಬ್ಬೆಟ್ಟು.

ಓನರ್‌ಗೆ ಬೇರೆಯಾಗಿ ಫೋನ್ ಮಾಡಿ ಇನ್ನು ಯಾರಿಗೂ ಹಾಗೆ ಹೇಳಬೇಡ ಎಂದೆ, ಅವನು ಹೂಂ ಅನ್ನುವವರೆಗೂ ಬಿಡಲಿಲ್ಲ. ಸುಹಾಸನಿಗೆ ಮನೆ ಇನ್ನೂ ಸಿಕ್ಕಿಲ್ಲ. ಇವತ್ತು ಬೆಳಿಗ್ಗೆಯೂ ಕೇಳಿದೆ.

ವಾಸನೆ ಈಗಲೂ ಬರುತ್ತದೆ. ಅತ್ತೆಗೆ ತಡೆಯಲಾಗುವುದಿಲ್ಲ ಎಂದು ಕಿಟಕಿ ಮುಚ್ಚಿ, ಬಾಗಿಲ ಹತ್ತಿರ ನಾನೂ ದಿನಾ ಏಳಕ್ಕೆ ನಾಲ್ಕು ಊದುಬತ್ತಿ ಹಚ್ಚುತ್ತೇನೆ. ನಿನ್ನೆ ಮೆಟ್ಟಿಲು ಹತ್ತುತ್ತಿದ್ದ ಚೇರಮನ್ನರು ನಿಂತು, ಎಷ್ಟು ಪ್ರಸನ್ನವಾಗಿದೆ ನಿಮ್ಮ ಮನೆ, ಅಂದರು.

ಅದೇ ಊದುಬತ್ತಿ, ಅದೇ ಏಳು ಗಂಟೆ... ನನ್ನ ಮೇಲೆ ಯಾರಿಗೂ ಯಾಕೆ ಅನುಮಾನ ಬರಲಿಲ್ಲ, ಹೇಳಿ?